ಒಣಗಿದ ಮತ್ತಿಮರ ಕಡಿಯದೆ ಬಿಟ್ಟೆ

ಹನ್ನೆರಡು ವರ್ಷದ ಹಿಂದೆ, ಶಿವರಾತ್ರಿ ಕಳೆದ ಮೇಲೆ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಣಗಿ ನಿಂತಿದ್ದ ಹೊನ್ನೆಮರ ಕಡಿಸಿದೆ. ಮಳೆಗಾಲದ ಸೌದೆಗೆ. ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಇರುವವರೆಲ್ಲ ಮಾಡುವ ಕೆಲಸವೇ ಅದು. ಬಿದ್ದ ಹೊಡೆತಕ್ಕೆ ಕಾಂಡ ಸೀಳಿತು. ಒಳಗೊಂದು ಪೊಟರೆ. ಅದರ ತಳದಲ್ಲಿ, ಮರದ ಚೂರಿನ ನಡುವೆ, ಒಡೆದ ಮೂರು ಮೊಟ್ಟೆ. ಅಚ್ಚ ಬಿಳಿ, ಒಂದು ಚುಕ್ಕೆಯೂ ಇಲ್ಲ. ಹೊಂಬೆನ್ನಿನ ಮರಕುಟಿಗದ ಜೋಡಿ ಕತ್ತಲಾಗುವವರೆಗೂ ಕಿರುಚುತ್ತ ಅಲ್ಲೇ ಸುತ್ತಿದವು.

ಅವತ್ತಿನಿಂದ ಒಣಮರ ಕಡಿಸಿಲ್ಲ. ದಾರಿ ಮೇಲೆ, ಕರೆಂಟ್ ತಂತಿ ಮೇಲೆ ಬೀಳುವಂಥದ್ದು ಮಾತ್ರ ತೆಗೆಸುತ್ತೇನೆ. ಅಡುಗೆಗೆ ಗೋಬರ್ ಗ್ಯಾಸ್ ಇದೆ, ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಸೋಗೆ ಸಾಕಾಗುತ್ತದೆ. ಕೆಲಸಕ್ಕೆ ಬರುವವರಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ದೊಡ್ಡ ಮತ್ತಿಮರವೊಂದು ಒಣಗಿದಾಗ ಒಬ್ಬರು ಕೇಳಿಯೇ ಬಿಟ್ಟರು: "ಭಟ್ರೆ, ಸುಮ್ನೆ ಹುಳ ತಿಂದು ಹಾಳಾಗ್ತದೆ. ಕಡೀಲಾ?"

"ಬೇಡ ಮಾರಾಯ, ಹುಳ ತಿನ್ನಲಿ. ಅದನ್ನ ತಿನ್ನೋಕೆ ಬರೋರು ಇದ್ದಾರಲ್ಲ."

ಬಂದರು. ಮೊದಲ ವರ್ಷ ಏನೂ ಕಾಣಲಿಲ್ಲ. ತೊಗಟೆ ಸಡಿಲವಾಗಿ, ಒಳಗಿನ ಮರ ಅಣಬೆ ಹಿಡಿದು ಮೆತ್ತಗಾಗಬೇಕು. ಅಷ್ಟು ಹೊತ್ತು ಕಾಯಬೇಕು. ಮೂರನೇ ವರ್ಷ ಮಾಗಿ ಚಳಿಯಲ್ಲಿ ಒಂದು ಬೆಳಿಗ್ಗೆ ಚೆಂಡೆ ಬಾರಿಸಿದ ಹಾಗೆ ಸದ್ದು. ತೋಟದ ಈ ತುದಿಯವರೆಗೆ ಕೇಳಿತು. ಹೋಗಿ ನೋಡಿದರೆ ಬಿಳಿ ಹೊಟ್ಟೆಯ ದೊಡ್ಡ ಕರಿ ಮರಕುಟಿಗ! ಕಾಗೆಗಿಂತ ಉದ್ದದ ಹಕ್ಕಿ, ನೆತ್ತಿಯೆಲ್ಲ ಕೆಂಪು, ಅಂದರೆ ಗಂಡು. ಹೆಣ್ಣಿಗೆ ನೆತ್ತಿಯ ಹಿಂಭಾಗದಲ್ಲಿ ಮಾತ್ರ ಕೆಂಪು. ನಮ್ಮ ಬೆಟ್ಟದಲ್ಲಿ ಅದನ್ನು ಅಲ್ಲಿಯವರೆಗೆ ನಾನು ಕಂಡೇ ಇರಲಿಲ್ಲ.

ಹುಡುಕುವ ರೀತಿಯೂ ನಿಧಾನಕ್ಕೆ ಬಂತು. ಮೊದಲು ಕತ್ತು ಎತ್ತಿಕೊಂಡು ಹಕ್ಕಿ ಹುಡುಕುತ್ತಿದ್ದೆ. ಈಗ ನೆಲ ನೋಡುತ್ತೇನೆ. ಗೂಡು ಕೊರೆಯುವಾಗ ಮರದ ಬುಡದಲ್ಲಿ ಚೂರು ಬೀಳುತ್ತವೆ. ಒಂದು ಹಿಡಿ ತೆಗೆದು ನೋಡಿ. ಹೊಸದಾದರೆ ಚೂರು ಬೆಳ್ಳಗೆ, ಅಂಚು ಚೂಪು, ಹಸಿ ಮರದ ವಾಸನೆ. ಹಳೆಯದಾದರೆ ಬೂದು ಬಣ್ಣ. ಕಿವಿಯನ್ನೂ ಪಳಗಿಸಬೇಕು. ಹುಳ ತೆಗೆಯುವಾಗ ಟಕ್, ಟಕ್‌ಟಕ್ ಅಂತ ತಾಳ ತಪ್ಪಿದ ಸದ್ದು. ಜಾಗ ನನ್ನದು ಅಂತ ಸಾರುವಾಗ ಒಂದೇ ಉಸಿರಿನ ಸತತ ಬಡಿತ. ಹತ್ತಿರ ಹೋದರೆ ಕಾಂಡದ ಹಿಂದೆ ಸರಿದು ಇಣುಕುತ್ತದೆ. ಆಗ ನಾವು ಸುತ್ತು ಹಾಕಬಾರದು, ನಿಂತಲ್ಲೇ ನಿಲ್ಲಬೇಕು. ಅದೇ ಹೊರಗೆ ಬರುತ್ತದೆ.

ಎಲ್ಲ ಮರಕುಟಿಗಕ್ಕೂ ಒಣ ಕಾಂಡವೇ ಬೇಕು ಅಂತ ಅಂದುಕೊಂಡಿದ್ದೆ. ಅದು ತಪ್ಪು. ಕಂದು ಮರಕುಟಿಗಕ್ಕೆ ಬೇಕಾದದ್ದು ಇರುವೆ ಗೂಡು. ಕೆಂಪಿರುವೆ ಎಲೆ ಹೊಲಿದು ಕಟ್ಟುವ ಚಗಳಿ ಕೊಟ್ಟೆ ಅಲ್ಲ, ರಟ್ಟಿನ ಹಾಗಿರುವ ಕಂದು ಉಂಡೆ. ಕೆಣಕಿದರೆ ಹೊಟ್ಟೆಯನ್ನು ಬೆನ್ನ ಮೇಲಕ್ಕೆ ಎತ್ತುವ ಸಣ್ಣ ಕಪ್ಪಿರುವೆಗಳದ್ದು. ಅದೇ ಇರುವೆಗಳನ್ನು ತಿಂದು, ಅವುಗಳ ಗೂಡಲ್ಲೇ ತೂತು ಕೊರೆದು ಮೊಟ್ಟೆ ಇಡುತ್ತದೆ. ರೆಕ್ಕೆ ಮೇಲೆ ಹೃದಯದಾಕಾರದ ಚುಕ್ಕೆ ಇರುವ ಪುಟ್ಟ ಮರಕುಟಿಗ ಹಸಿರು ಮರದ ತುದಿಯ ಸಣ್ಣ ಕಡ್ಡಿಗಳಲ್ಲೇ ಜಾಸ್ತಿ. ಇವೆಲ್ಲ ಒಂದೇ ಬೆಟ್ಟದಲ್ಲಿ ಹೊಂದಿಕೊಂಡು ಇರುವುದು ಹೀಗೆ, ಒಂದೊಂದಕ್ಕೆ ಒಂದೊಂದು ಜಾಗ.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಸ್ಟ್ಯಾನ್‌ಫೋರ್ಡ್ ಹತ್ತಿರ ಓಕ್ ಮರಗಳಲ್ಲಿ ಏಕಾರ್ನ್ ಮರಕುಟಿಗ ತೋರಿಸಿದಳು. ಕಾಂಡದ ತುಂಬ ಸಾಲು ಸಾಲು ತೂತು, ಒಂದೊಂದರಲ್ಲಿ ಒಂದೊಂದು ಓಕ್ ಕಾಯಿ, ಅಳತೆ ನೋಡಿ ಬಡಿದು ಕೂರಿಸಿದ್ದು. ಕಾಯಿ ಒಣಗಿ ಕುಗ್ಗಿದರೆ ಸಡಿಲವಾಗುತ್ತದೆ ಅಲ್ವಾ? ಆಗ ಅದನ್ನು ಕಿತ್ತು ಚಿಕ್ಕ ತೂತಿಗೆ ಹಾಕುತ್ತವೆ. ಕೂಡು ಕುಟುಂಬದ ಹಕ್ಕಿಗಳು. ಇಡೀ ಮನೆಯವರು ಸೇರಿ ಆ ಕಣಜ ಕಾಯುತ್ತಾರೆ. ಕೊರೆದ ತೂತು ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ. ಅಡಿಕೆ ಕಾಪಿಡುವವನಿಗೆ ಈ ಶಿಸ್ತು ನೋಡಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಊರಿಗೆ ಬಂದ ಮೇಲೆ ಓದುತ್ತಾ ಹೋದೆ. ಜಗತ್ತಿನಲ್ಲಿ 230ಕ್ಕೂ ಹೆಚ್ಚು ಜಾತಿಗಳಿವೆ. ಆಸ್ಟ್ರೇಲಿಯಾ, ಮಡಗಾಸ್ಕರ್, ನ್ಯೂಜಿಲ್ಯಾಂಡ್‌ಗಳಲ್ಲಿ ಒಂದೂ ಇಲ್ಲ. ಅರಿಜೋನಾದ ಮರುಭೂಮಿಯಲ್ಲಿ ಗಿಲಾ ಮರಕುಟಿಗ ದೊಡ್ಡ ಸಗ್ವಾರೋ ಕಳ್ಳಿಯಲ್ಲಿ ಗೂಡು ಕೊರೆಯುತ್ತದೆ. ಕೊರೆದ ಕೂಡಲೇ ಅಲ್ಲಿ ವಾಸ ಮಾಡಲು ಆಗುವುದಿಲ್ಲ. ಗಾಯದಿಂದ ಒಸರುವ ರಸ ಒಣಗಿ ಒಳಗೋಡೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ದಕ್ಷಿಣ ಆಫ್ರಿಕಾದಲ್ಲಿ ಮರವೇ ಇಲ್ಲದ ಬೆಟ್ಟದ ಬಯಲಲ್ಲಿ ಬದುಕುವ ಮರಕುಟಿಗವಿದೆ. ಅದು ಮಣ್ಣಿನ ದರೆಯಲ್ಲಿ ಬಿಲ ತೋಡುತ್ತದೆ. ಅಮೆರಿಕದ ಆಗ್ನೇಯ ಭಾಗದ ಕೆಂಪುಗೆನ್ನೆಯ ಮರಕುಟಿಗ ಜೀವಂತ ಪೈನ್ ಮರವನ್ನೇ ಕೊರೆಯುತ್ತದೆ. ಒಂದು ಗೂಡಿಗೆ ವರ್ಷಗಳೇ ಹಿಡಿಯಬಹುದು. ಸುತ್ತ ಸಣ್ಣ ಸಣ್ಣ ತೂತು ಮಾಡಿ ಅಂಟು ಸುರಿಸುತ್ತದೆ, ಹಾವು ಹತ್ತದ ಹಾಗೆ.

ಮನಸ್ಸಿಗೆ ನಾಟಿದ್ದು ದಂತದ ಬಣ್ಣದ ಕೊಕ್ಕಿನ ದೊಡ್ಡ ಮರಕುಟಿಗದ ಕಥೆ. ಆಗಷ್ಟೇ ಸತ್ತ ಮರಗಳ ತೊಗಟೆ ಎಬ್ಬಿಸಿ ದುಂಬಿ ಮರಿಗಳನ್ನು ತಿನ್ನುತ್ತಿತ್ತು. ಅಂಥ ಮರ ಸದಾ ಸಿಗಬೇಕಾದರೆ ಹಳೆಯ ದೊಡ್ಡ ಕಾಡೇ ಬೇಕು. ಲೂಸಿಯಾನಾದಲ್ಲಿ ಉಳಿದಿದ್ದ ಅಂಥ ಕಾಡನ್ನು ನಾಟಾಕ್ಕೆ ಕಡಿದರು. ಎಲ್ಲರೂ ಒಪ್ಪುವಂತೆ ಅಮೆರಿಕದಲ್ಲಿ ಅದನ್ನು ಕೊನೆಗೆ ಕಂಡದ್ದು ಅಲ್ಲೇ, 1944ರಲ್ಲಿ. ಒಂಟಿ ಹೆಣ್ಣು ಹಕ್ಕಿ. ಅದನ್ನು ಓದಿದ ರಾತ್ರಿ ನನಗೆ ಒಡೆದ ಆ ಮೂರು ಮೊಟ್ಟೆ ನೆನಪಾದವು.

ನಮ್ಮ ಮತ್ತಿಮರ ಹೋದ ವರ್ಷ ಆಷಾಢದ ಗಾಳಿಗೆ ಬಿತ್ತು. ಅದರಲ್ಲಿ ಐದು ಪೊಟರೆ ಎಣಿಸಿದೆ. ಒಂದರಲ್ಲಿ ಗಿಳಿಯ ಹಸಿರು ಗರಿ, ಇನ್ನೊಂದರಲ್ಲಿ ಗೊರವಂಕ ತಂದು ತುರುಕಿದ ಹುಲ್ಲು. ಬಿದ್ದ ಕಾಂಡವನ್ನೂ ಹಾಗೇ ಬಿಟ್ಟಿದ್ದೇನೆ. ಹೊಂಬೆನ್ನಿನ ಜೋಡಿ ಇರುವೆ ಹೆಕ್ಕಲು ಅದರ ಮೇಲೆ ಇಳಿಯುತ್ತವೆ. ಈ ಸಲ ಸಂಕ್ರಾಂತಿಯಿಂದ ಮೇಲಿನ ಕಿಂದಳ ಮರದ ಬುಡದಲ್ಲಿ ಬೆಳ್ಳನೆಯ ಚೂರು ಬೀಳುತ್ತಿದೆ. ಮರಿ ಹಾರುವವರೆಗೆ ಆ ಕಡೆ ಸೊಪ್ಪು ಕೊಯ್ಯುವುದು ಬೇಡ ಅಂತ ಕೆಲಸದವರಿಗೆ ಹೇಳಿದ್ದೇನೆ.