ನಾಯಿ ಜೊತೆಗಿದ್ದರೆ ಪೇಟೆಯಲ್ಲಿ ಫ್ಲ್ಯಾಟ್ ಹಿಡಿಯುವುದು ಹೇಗೆ?

ಕಾಸರಗೋಡು ಪೇಟೆಯಲ್ಲಿ ಬಾಡಿಗೆ ಮನೆ ಸಿಗುತ್ತದೆ. ನಾಯಿ ಇದೆ ಅಂದ ಕೂಡಲೇ ಎದುರಿನವರ ದನಿ ಬದಲಾಗುತ್ತದೆ ಅಷ್ಟೆ. ಅದಕ್ಕೇ ಹಲವರು ವಿಷಯ ಮುಚ್ಚಿಟ್ಟು ಮನೆ ಹಿಡಿದು, ರಾತ್ರಿ ಹೊತ್ತು ನಾಯಿಯನ್ನು ಮೆಟ್ಟಿಲು ಹತ್ತಿಸುತ್ತಾರೆ. ಬೆಳಿಗ್ಗೆ ಹಾಲಿನವನು ಬಂದಾಗ ಅದು ಬೊಗಳದೆ ಇರುತ್ತದಾ? ಈ ಕಳ್ಳಾಟ ಬೇಡ.

ಮೊದಲು ಕಾಗದಪತ್ರ. ರೇಬಿಸ್ ಲಸಿಕೆಯ ಪುಸ್ತಕ ಮತ್ತು ನಾಯಿಯ ಲೈಸೆನ್ಸ್ ಕೈಯಲ್ಲಿರಲಿ. ನಮ್ಮದು ಮಳೆ ಜಾಸ್ತಿ ಇರುವ ಊರು, ಇಲಿಜ್ವರದ ಲಸಿಕೆಯನ್ನೂ ಹಾಕಿಸಿ.

ಆಮೇಲೆ ಜಾಗ. ನುಳ್ಳಿಪ್ಪಾಡಿ, ಬೀರಂತಬೈಲು, ವಿದ್ಯಾನಗರ ಕಡೆ ನಡೆದೇ ಸುತ್ತಿ. ಖಾಲಿ ಮನೆಯ ಸುದ್ದಿ ಬ್ರೋಕರನಿಗಿಂತ ಮೊದಲು ಮೂಲೆಯ ಅಂಗಡಿಯವರಿಗೆ ಗೊತ್ತಿರುತ್ತದೆ. ಹೆದ್ದಾರಿ 66ಕ್ಕೆ ಮುಖ ಮಾಡಿದ ಫ್ಲ್ಯಾಟ್ ಬೇಡವೇ ಬೇಡ. ಒಂದನೇ ಮಹಡಿಗಿಂತ ಮೇಲೆಯೂ ಬೇಡ.

ಜನ ಎಡವುವುದು ಒಪ್ಪಿಗೆಯ ಹಂತದಲ್ಲಿ. ಇಲ್ಲಿ ಎಷ್ಟೋ ಫ್ಲ್ಯಾಟುಗಳ ಮಾಲೀಕರು ಗಲ್ಫ್‌ನಲ್ಲಿ ಇರುತ್ತಾರೆ. ಬೀಗದ ಕೈ ತಮ್ಮನ ಹತ್ತಿರವೋ ಭಾವನ ಹತ್ತಿರವೋ ಇರುತ್ತದೆ. ಮನೆ ತೋರಿಸುವಾಗ ಅವರು ‘ನಾಯಿಯಾ? ಅಡ್ಡಿ ಇಲ್ಲ’ ಅಂದುಬಿಡುತ್ತಾರೆ. ರಜೆಗೆ ಊರಿಗೆ ಬಂದ ಮಾಲೀಕರು ಬಾಗಿಲು ತಟ್ಟಿದಾಗ ಆ ‘ಅಡ್ಡಿ ಇಲ್ಲ’ಕ್ಕೆ ಬೆಲೆಯಿಲ್ಲ. ಹಾಗಾಗಿ ನಂಬರ್ ಕೇಳಿ ಮಾಲೀಕರ ಜೊತೆ ನೇರವಾಗಿ ಮಾತಾಡಿ. ನಾಯಿಯ ಫೋಟೊ, ವಯಸ್ಸು, ಲಸಿಕೆಯ ಪುಟ ಎಲ್ಲ ವಾಟ್ಸಾಪ್ ಮಾಡಿ. ಉತ್ತರ ಅಕ್ಷರದಲ್ಲೇ ಬರಲಿ, ಬರೀ ಹೆಬ್ಬೆರಳಿನ ಚಿತ್ರ ಸಾಲದು. ಕೆಲವರ ಮನೆಯಲ್ಲಿ ಮಡಿ, ಕೆಲವರ ಮನೆಯಲ್ಲಿ ನಮಾಜು. ಆಗುವುದಿಲ್ಲ ಅಂದರೆ ವಾದಕ್ಕೆ ನಿಲ್ಲದೆ ಮುಂದಿನ ಮನೆ ನೋಡಿ. (ಬೆಕ್ಕಿನವರು ಪುಣ್ಯವಂತರು, ಬೇಗ ಒಪ್ಪಿಗೆ ಸಿಗುತ್ತದೆ.)

ಹನ್ನೊಂದು ತಿಂಗಳ ಕರಾರು ಮಲಯಾಳದಲ್ಲೋ ಇಂಗ್ಲಿಷಲ್ಲೋ ಇರುತ್ತದೆ. ಬಾರದಿದ್ದರೆ ಬಲ್ಲವರಿಂದ ಓದಿಸಿಕೊಂಡೇ ಸಹಿ ಹಾಕಿ. ‘ಪ್ರಾಣಿಯಿಂದ ತೊಂದರೆಯಾದರೆ ಮನೆ ಬಿಡಬೇಕು’ ಎಂಬ ಸಾಲಿದ್ದರೆ ತೆಗೆಸಿ. ಯಾರಿಗೆ, ಎಂಥ ತೊಂದರೆ? ಅದರ ಬದಲು ಹೀಗೆ ಬರೆಸಿ: ‘ಬಾಡಿಗೆದಾರರು ಕಂದು ಬಣ್ಣದ ಒಂದು ಊರನಾಯಿಯನ್ನು ಮನೆಯೊಳಗೆ ಸಾಕಬಹುದು. ಅದು ಬಾಗಿಲು, ಗೋಡೆ ಪರಚಿದರೆ ರಿಪೇರಿ ಖರ್ಚನ್ನು ಅಡ್ವಾನ್ಸಿನಿಂದ ಹಿಡಿಯಬಹುದು.’ ಸಾಮಾನು ಇಳಿಸುವ ಮೊದಲೇ ಎಲ್ಲ ಬಾಗಿಲುಗಳ ಕೆಳಭಾಗದ ಫೋಟೊ ತೆಗೆದಿಡಿ. ಹಳೇ ಗೀರುಗಳ ಲೆಕ್ಕ ನಿಮ್ಮ ನಾಯಿಯ ತಲೆಗೆ ಬರಬಾರದಲ್ವಾ?

ಅಸೋಸಿಯೇಷನ್‌ನವರು ‘ಸಾಕುಪ್ರಾಣಿ ನಿಷೇಧ’ ಅಂತ ಬೋರ್ಡು ತೋರಿಸಿದರೆ ಹೆದರಬೇಡಿ. ನಿವಾಸಿಗಳು ಪ್ರಾಣಿ ಸಾಕಬಾರದು ಎನ್ನುವ ಇಂಥ ನಿಯಮ ಕಾನೂನಿಗೆ ವಿರುದ್ಧ ಎಂದು ಕೇರಳ ಹೈಕೋರ್ಟ್ 2021ರಲ್ಲೇ ಹೇಳಿದೆ. ಆದರೆ ಆ ತೀರ್ಪು ಹಿಡಿದುಕೊಂಡು ಮಾಲೀಕರ ಹತ್ತಿರ ಹೋಗಿ ‘ಮನೆ ಕೊಡಲೇಬೇಕು’ ಅನ್ನಬೇಡಿ. ಕೊಡುವುದು ಬಿಡುವುದು ಅವರಿಷ್ಟ.

ವಾಸನೆ ಬರುತ್ತದೆ ಅಂತ ನೆಲಕ್ಕೆ ಸುಮ್ನೆ ಫಿನಾಯಿಲ್ ಸುರಿಯಬೇಡಿ. ನಾಯಿಗೂ ಒಳ್ಳೆಯದಲ್ಲ, ಬೆಕ್ಕಿಗಂತೂ ಅದು ವಿಷ. ಸೋಪಿನ ನೀರು ಸಾಕು. ಮನೆ ಬದಲಾಯಿಸಿದ ಮೇಲೆ ನಗರಸಭೆಗೆ ಹೋಗಿ ನಾಯಿಯ ಲೈಸೆನ್ಸಿನಲ್ಲಿ ವಿಳಾಸ ತಿದ್ದಿಸಿಕೊಳ್ಳಿ.