ಹಳೆ ಐಪಾಡ್ ಇನ್ನೂ ಜಾಸ್ತಿ ಹೊತ್ತು ಹಾಡಬೇಕಾ? ಹೀಗೆ ಮಾಡಿ

ಆಪಲ್ ಕಂಪನಿಯ ಹಾಡಿನ ಪ್ಲೇಯರ್ ಐಪಾಡ್ ಕ್ಲಾಸಿಕ್‌ನ ಮಾರಾಟ ನಿಂತಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಐಪಾಡ್ ಸಾಲಿನಲ್ಲಿ ಕೊನೆಗೆ ಉಳಿದಿದ್ದ ಐಪಾಡ್ ಟಚ್ ಕೂಡ 2022ರ ಮೇ ತಿಂಗಳಲ್ಲಿ ನಿಂತುಹೋಯಿತು. ಆದರೂ ಎಷ್ಟೋ ಮನೆಗಳ ಬೀರುವಿನಲ್ಲಿ ಕ್ಲಾಸಿಕ್‌ನ ಆ ಬೆಳ್ಳಿ ಬೆನ್ನಿನ ಡಬ್ಬಿ ಇನ್ನೂ ಇದೆ, ಚಾರ್ಜ್ ಮಾಡಿದರೆ ಹಾಡುತ್ತದೆ ಕೂಡ. ದೂರು ಒಂದೇ, "ಬ್ಯಾಟರಿ ನಿಲ್ಲಲ್ಲ". ಇಷ್ಟಕ್ಕೇ ಜನ ಅದನ್ನು ಮೂಲೆಗೆ ಹಾಕುವುದು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ. ಫೋನ್ ಕರೆ ಬರದ, ಜಾಹೀರಾತು ಬರದ, ಇಂಟರ್ನೆಟ್ ಬೇಡದ ಇಂಥ ಪ್ಲೇಯರ್ ಈಗ ಸುಲಭಕ್ಕೆ ಸಿಗುವುದಿಲ್ಲ. ಬ್ಯಾಟರಿ ಪೂರ್ತಿ ಸತ್ತಿಲ್ಲ ಅಂದರೆ, ಒಂದು ಪೈಸೆ ಖರ್ಚಿಲ್ಲದೆ ಅದರಿಂದ ಇನ್ನಷ್ಟು ಗಂಟೆ ಹಾಡು ತೆಗೆಯಬಹುದು.

ಮೊದಲು ಚಾರ್ಜ್ ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ. 2007ರ 160 ಜಿಬಿ ಕ್ಲಾಸಿಕ್‌ಗೆ ಆಪಲ್ ಹೇಳಿದ್ದ ಲೆಕ್ಕ ಹೀಗಿತ್ತು: ಹಾಡು ಕೇಳಿದರೆ 40 ಗಂಟೆ, ವಿಡಿಯೊ ನೋಡಿದರೆ 7 ಗಂಟೆ. ಅದೇ ಬ್ಯಾಟರಿ, ಅದೇ ಯಂತ್ರ. ವಿಡಿಯೊ ನೋಡುವಾಗ ಪರದೆಯ ದೀಪ ಸತತ ಉರಿಯುತ್ತದೆ, ಒಳಗಿನ ಹಾರ್ಡ್ ಡಿಸ್ಕ್ ಮತ್ತೆ ಮತ್ತೆ ತಿರುಗುತ್ತದೆ, ಚಿಪ್‌ಗೂ ಕೆಲಸ ಜಾಸ್ತಿ. ಹಾಡು ಕೇಳುವಾಗ ಇವೆಲ್ಲ ಮಲಗಿರಬೇಕು. ನಿಮ್ಮ ಐಪಾಡ್‌ನಲ್ಲಿ ಇವು ಮಲಗುತ್ತಿಲ್ಲ ಅಂದರೆ ಸೋರಿಕೆ ಅಲ್ಲೇ ಇದೆ.

ಡಿಸ್ಕ್ ವಿಷಯ ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಲಾಸಿಕ್‌ನ ಒಳಗೆ ಇರುವುದು ನಿಜವಾದ ಹಾರ್ಡ್ ಡಿಸ್ಕ್, 1.8 ಇಂಚಿನದ್ದು, ಮೋಟರ್ ಮೇಲೆ ತಿರುಗುವಂಥದ್ದು. ಹಾಡು ಹಾಕಿ, ಇಯರ್‌ಫೋನನ್ನು ಐಪಾಡ್‌ನಿಂದ ಕೀಳದೆ ಕೈಯಲ್ಲಿ ಪಕ್ಕಕ್ಕೆ ಹಿಡಿದು, ಐಪಾಡ್‌ನ ಬೆನ್ನನ್ನು ಕಿವಿಗೆ ಒತ್ತಿ. ಸಣ್ಣಗೆ ಗುಯ್ಯೆನ್ನುವ ಸದ್ದು, ನಡುವೆ ಒಂದೆರಡು ಟಿಕ್ ಟಿಕ್, ಆಮೇಲೆ ಪೂರ್ತಿ ನಿಶ್ಶಬ್ದ. ಹಾಡು ಮಾತ್ರ ನಡೆಯುತ್ತಲೇ ಇರುತ್ತದೆ. ಏಕೆಂದರೆ ಡಿಸ್ಕ್ ಒಮ್ಮೆ ಎದ್ದು, ಮುಂದಿನ ಕೆಲವು ಹಾಡುಗಳನ್ನು ಒಟ್ಟಿಗೆ ಓದಿ, ಮೆಮೊರಿ ಚಿಪ್‌ಗೆ ತುಂಬಿ ಮಲಗಿಬಿಡುತ್ತದೆ. 2001ರ ಮೊಟ್ಟಮೊದಲ ಐಪಾಡ್‌ನಲ್ಲೂ ಇದೇ ಏರ್ಪಾಡು ಇತ್ತು. ಅದರ 32 ಎಂಬಿ ಮೆಮೊರಿಯಿಂದ ಸುಮಾರು 20 ನಿಮಿಷ ಡಿಸ್ಕ್ ಮುಟ್ಟದೆ ಹಾಡು ನಡೆಯುತ್ತಿತ್ತು. ಕ್ಲಾಸಿಕ್‌ನಲ್ಲಿ ಈ ಮೆಮೊರಿ 64 ಎಂಬಿ, ಅದರಲ್ಲೂ ಸ್ವಲ್ಪ ಭಾಗ ಯಂತ್ರದ ಸ್ವಂತ ಕೆಲಸಕ್ಕೆ ಹೋಗುತ್ತದೆ.

ನಿಂತಿದ್ದ ಡಿಸ್ಕ್ ಎದ್ದು ತಿರುಗಲು ಶುರು ಮಾಡುವ ಆ ಕ್ಷಣದಲ್ಲಿ ಬ್ಯಾಟರಿಗೆ ಹೆಚ್ಚು ಹೊರೆ. ತೋಟದ ಪಂಪ್‌ಸೆಟ್ ಚಾಲೂ ಆದಾಗ ಬಲ್ಬು ಒಂದು ಕ್ಷಣ ಮಂಕಾಗುತ್ತದೆ ಅಲ್ವಾ, ಹಾಗೆ. ಅದಕ್ಕೇ ಹಳೆ ಬ್ಯಾಟರಿ ಇರುವ ಐಪಾಡ್ ಅರ್ಧ ಚಾರ್ಜ್ ತೋರಿಸುತ್ತಿದ್ದರೂ ಹಾಡು ಬದಲಾಗುವಾಗ ದಿಢೀರ್ ಅಂತ ಆರಿಹೋಗುತ್ತದೆ. ಡಿಸ್ಕ್ ಕಡಿಮೆ ಸಲ ಏಳುವ ಹಾಗೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೆ ಫೈಲ್ ಚಿಕ್ಕದಾಗಬೇಕು. ಲೆಕ್ಕ ನೋಡಿ. ಐದು ನಿಮಿಷದ ಒಂದು ಹಾಡು 128 ಕೆಬಿಪಿಎಸ್‌ನಲ್ಲಿ (ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಅನ್ನುವ ಅಳತೆ, ಇದೇ ಬಿಟ್ ರೇಟ್) ಸುಮಾರು 4.8 ಎಂಬಿ. ಅದೇ ಹಾಡು 320ರಲ್ಲಿ 12 ಎಂಬಿ. ಸಿಡಿಯಿಂದ ಹಾಗೇ ತೆಗೆದ ವೇವ್ ಫೈಲ್ ಆದರೆ 50 ಎಂಬಿ ದಾಟುತ್ತದೆ. ಅಂದರೆ ಚಿಕ್ಕ ಫೈಲ್‌ಗಳಾದರೆ ಒಂದೇ ಓದಿಗೆ ಸುಮಾರು ಹತ್ತು ಹಾಡು ಮೆಮೊರಿಗೆ ಬರುತ್ತವೆ, 320 ಆದರೆ ನಾಲ್ಕೈದು, ವೇವ್ ಆದರೆ ಒಂದು ಬರುವುದೂ ಕಷ್ಟ. ಹಾಡೊಂದು 9 ಎಂಬಿ ಒಳಗಿದ್ದರೆ ಒಳ್ಳೆಯದು ಅಂತ ಆಪಲ್ ಕೂಡ ಆಗ ಹೇಳುತ್ತಿತ್ತು.

ಇದನ್ನು ಒಂದೊಂದೇ ಹಾಡಿಗೆ ಕೂತು ಮಾಡಬೇಕಿಲ್ಲ. ಐಪಾಡನ್ನು ಕಂಪ್ಯೂಟರ್‌ಗೆ ಹಾಕಿ, ವಿಂಡೋಸ್ ಆದರೆ ಆಪಲ್‌ನ ಹಾಡಿನ ತಂತ್ರಾಂಶ ಐಟ್ಯೂನ್ಸ್ ತೆರೆಯಿರಿ. ಹೊಸ ಮ್ಯಾಕ್ ಆದರೆ ಐಟ್ಯೂನ್ಸ್ ಇರುವುದಿಲ್ಲ, ಫೈಂಡರ್‌ನಲ್ಲೇ ಐಪಾಡ್ ಕಾಣುತ್ತದೆ. ಐಪಾಡ್‌ನ ಪುಟದಲ್ಲಿ ಕೆಳಗೆ, ಹೆಚ್ಚು ಬಿಟ್ ರೇಟ್ ಇರುವ ಹಾಡುಗಳನ್ನು ಎಎಸಿಗೆ (ಎಂಪಿ3 ಥರದ ಇನ್ನೊಂದು ಫೈಲ್ ಬಗೆ) ಬದಲಿಸು ಅನ್ನುವ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ 128, 192, 256ರಲ್ಲಿ ಒಂದನ್ನು ಆರಿಸಿ, ಸಿಂಕ್ ಕೊಡಿ. ಕಂಪ್ಯೂಟರ್‌ನಲ್ಲಿರುವ ಮೂಲ ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಐಪಾಡ್‌ಗೆ ಹೋಗುವ ಪ್ರತಿ ಮಾತ್ರ ಚಿಕ್ಕದಾಗುತ್ತದೆ. ಹಾಡು ಜಾಸ್ತಿ ಇದ್ದರೆ ಮೊದಲ ಸಲ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಾಕಿ ಬಿಟ್ಟು ಮಲಗಿ. ನನ್ನ ಕೇಳಿದರೆ ಬಸ್ಸಿನಲ್ಲಿ, ನಡಿಗೆಯಲ್ಲಿ ಕೇಳುವವರಿಗೆ 128 ಧಾರಾಳ ಸಾಕು. ಮನೆಯಲ್ಲಿ ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳುವವರು 192 ಇಟ್ಟುಕೊಳ್ಳಿ.

ನಮ್ಮ ಕಡೆಯ ಕೇಳುಗರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ನಾವು ಕೇಳುವುದು ಬರೀ ಐದು ನಿಮಿಷದ ಸಿನಿಮಾ ಹಾಡಲ್ಲ. ಮಲ್ಲಿಕಾರ್ಜುನ ಮನ್ಸೂರರದ್ದೋ ಗಂಗೂಬಾಯಿ ಹಾನಗಲ್ಲರದ್ದೋ ಕಛೇರಿಯ ಒಂದು ತಾಸಿನ ರೆಕಾರ್ಡಿಂಗ್ 320ರಲ್ಲಿ ಇದ್ದರೆ ಒಂದೇ ಫೈಲ್ 144 ಎಂಬಿ ಆಗುತ್ತದೆ, ಒಂದು ಓದಿಗೆ ಅದು ಮುಗಿಯುವ ಮಾತೇ ಇಲ್ಲ, ಡಿಸ್ಕ್ ಮತ್ತೆ ಮತ್ತೆ ಏಳಲೇಬೇಕು. 128ಕ್ಕೆ ಇಳಿಸಿದರೆ 58 ಎಂಬಿ ಒಳಗೆ ಬರುತ್ತದೆ. ಇನ್ನು ತಾಳಮದ್ದಳೆ, ಪ್ರವಚನ, ನಾಟಕದ ರೆಕಾರ್ಡಿಂಗ್‌ಗಳು. ಇವು ಹೆಚ್ಚಾಗಿ ಮಾತು, ಅದೂ ಒಂದೇ ಮೈಕ್‌ನಲ್ಲಿ ಹಿಡಿದದ್ದು. ಇವಕ್ಕೆ 64 ಕೆಬಿಪಿಎಸ್ ಮೋನೊ (ಎರಡೂ ಕಿವಿಗೆ ಒಂದೇ ದನಿ) ಸಾಕು. ಅರ್ಥಧಾರಿಯ ಒಂದು ಮಾತೂ ಅದರಲ್ಲಿ ಕಳೆದುಹೋಗುವುದಿಲ್ಲ, ಒಂದು ಗಂಟೆಗೆ 29 ಎಂಬಿ ಅಷ್ಟೆ. ಆದರೆ ಇದು ಸಿಂಕ್ ಮಾಡುವಾಗಿನ ಆಯ್ಕೆಯಲ್ಲಿ ಸಿಗುವುದಿಲ್ಲ. ಐಟ್ಯೂನ್ಸ್‌ನ ಇಂಪೋರ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಚಾನೆಲ್ ಮೋನೊ ಅಂತ ಕೊಟ್ಟು, ಮೋನೊಗೆ 64 ಕೆಬಿಪಿಎಸ್ ಬರುವ ಹಾಗೆ ಬಿಟ್ ರೇಟ್ ಆರಿಸಿ, ಆಮೇಲೆ ಫೈಲ್ ಮೆನುವಿನ ಕನ್ವರ್ಟ್‌ನಿಂದ ಹೊಸ ಪ್ರತಿ ಮಾಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಸೆಟ್ಟಿಂಗ್ ಮೊದಲಿನಂತೆ ಮಾಡಿಡಿ, ಇಲ್ಲದಿದ್ದರೆ ಮುಂದಿನ ಸಲ ಸಿಡಿ ಹಾಕಿದಾಗ ಹಾಡುಗಳೂ ಮೋನೊ ಆಗಿಬಿಡುತ್ತವೆ.

ಫೈಲ್ ಚಿಕ್ಕದಾದ ಮೇಲೆ ಬೆರಳಿನ ಅಭ್ಯಾಸ. ಬೇಕಾದ ಹಾಡು ಸಿಗುವವರೆಗೆ ಸುಮ್ನೆ ಮುಂದೆ, ಮುಂದೆ, ಮುಂದೆ ಅಂತ ಒತ್ತುತ್ತಾ ಹೋಗುವವರು ತುಂಬ ಜನ ಇದ್ದಾರೆ. ಹೀಗೆ ಒತ್ತಿದಾಗೆಲ್ಲ ಐಪಾಡ್ ಕಷ್ಟಪಟ್ಟು ತುಂಬಿಟ್ಟುಕೊಂಡ ಹಾಡುಗಳು ಕೇಳದೆಯೇ ಖಾಲಿಯಾಗುತ್ತವೆ, ಡಿಸ್ಕ್ ಮತ್ತೆ ಏಳುತ್ತದೆ. ಇದಕ್ಕೆ ಮದ್ದು ಪ್ಲೇಲಿಸ್ಟ್. ಬೆಳಗಿನ ನಡಿಗೆಗೊಂದು, ಊರಿಗೆ ಹೋಗುವ ರಾತ್ರಿ ಬಸ್ಸಿಗೊಂದು ಮಾಡಿಟ್ಟುಕೊಂಡು, ಹಾಕಿ, ಬಿಟ್ಟುಬಿಡಿ. ಷಫಲ್ ಇಟ್ಟರೆ ತೊಂದರೆಯಿಲ್ಲ, ಯಾವ ಹಾಡಿನ ನಂತರ ಯಾವುದು ಅಂತ ಅದು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ.

ಇನ್ನು ಪರದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟ್ ಟೈಮರ್ ಅನ್ನು ಐದು ಸೆಕೆಂಡಿಗೆ ಇಡಿ, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿ. ಜೇಬಿಗೆ ಹಾಕುವ ಮೊದಲು ಮೇಲಿನ ಹೋಲ್ಡ್ ಗುಂಡಿಯನ್ನು ಸರಿಸಿ, ಕಿತ್ತಳೆ ಬಣ್ಣ ಕಾಣಬೇಕು. ಜೇಬಿನಲ್ಲಿ ಬಟ್ಟೆ, ಬೀಗದ ಕೈ ತಾಗಿ ಕ್ಲಿಕ್ ವೀಲ್ ಒತ್ತಿಹೋದರೆ ದೀಪ ಹತ್ತುತ್ತದೆ, ಹಾಡು ಬದಲಾಗುತ್ತದೆ, ದನಿ ಏರುತ್ತದೆ. ಇದೊಂದು ಗುಂಡಿ ಅದೆಲ್ಲವನ್ನೂ ತಡೆಯುತ್ತದೆ. ಕೇಳಿ ಮುಗಿದ ಮೇಲೆ ಪ್ಲೇ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಮಲಗಿಸಿ, ಆಮೇಲೆ ಹೋಲ್ಡ್ ಹಾಕಿ.

ಈಕ್ವಲೈಸರ್ ಆಫ್ ಮಾಡಿ. ಬಾಸ್ ಬೂಸ್ಟರ್ ಹಾಕಿದರೆ ಪ್ರತಿ ಕ್ಷಣವೂ ಚಿಪ್ ದನಿಯನ್ನು ತಿದ್ದುತ್ತಾ ಕೂರಬೇಕು. ದನಿ ಜಾಸ್ತಿ ಇಟ್ಟಷ್ಟೂ ಕರೆಂಟು ಜಾಸ್ತಿ. ಸುತ್ತಲಿನ ಗದ್ದಲ ಮೀರಿಸಲು ದನಿ ಏರಿಸುವ ಬದಲು, ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿಕೊಳ್ಳಿ. ಬಸ್ಸಿನ ಇಂಜಿನ್ ಸದ್ದು ಹೊರಗೇ ನಿಲ್ಲುತ್ತದೆ, ಕಡಿಮೆ ದನಿಯಲ್ಲೇ ಹಾಡು ಚೆನ್ನಾಗಿ ಕೇಳುತ್ತದೆ. ಬ್ಯಾಟರಿಗಿಂತ ಮುಖ್ಯವಾಗಿ ಕಿವಿ ಉಳಿಯುತ್ತದೆ.

ಚಾರ್ಜಿಂಗ್ ಬಗ್ಗೆ ಹಳೆ ನಂಬಿಕೆಗಳು ಇನ್ನೂ ಗಟ್ಟಿಯಾಗಿವೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು ಅನ್ನುವುದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಐಪಾಡ್‌ನಲ್ಲಿ ಇರುವುದು ಲಿಥಿಯಂ ಅಯಾನ್, ಸೋನಿ 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಜಾತಿ. ಇದಕ್ಕೆ ಪೂರ್ತಿ ಖಾಲಿಯಾಗುವುದೇ ತೊಂದರೆ. ಕಾಲು ಭಾಗ ಉಳಿದಿರುವಾಗಲೇ ಚಾರ್ಜ್‌ಗೆ ಹಾಕಿ. ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ಆಯಸ್ಸು ಬೇಗ ಮುಗಿಯುತ್ತದೆ ಅನ್ನುವುದೂ ತಪ್ಪು: ಇವತ್ತು ಅರ್ಧ, ನಾಳೆ ಅರ್ಧ ಚಾರ್ಜ್ ಮಾಡಿದರೆ ಎರಡೂ ಸೇರಿ ಒಂದು ಸುತ್ತು ಅಂತಲೇ ಲೆಕ್ಕ. ಇಂಥ 400 ಸುತ್ತು ಆದ ಮೇಲೂ ಐಪಾಡ್ ಬ್ಯಾಟರಿಯಲ್ಲಿ ಮೊದಲಿನ 80 ಶೇಕಡಾ ಶಕ್ತಿ ಉಳಿಯುವ ಹಾಗೆ ಮಾಡಿದ್ದೇವೆ ಅಂತ ಆಪಲ್ ಹೇಳುತ್ತದೆ. ಕ್ಲಾಸಿಕ್ ಸುಮಾರು ಎರಡು ಗಂಟೆಯಲ್ಲಿ 80 ಶೇಕಡಾ ತುಂಬುತ್ತದೆ, ಉಳಿದ 20ಕ್ಕೆ ಇನ್ನೆರಡು ಗಂಟೆ ಬೇಕು. ಅವಸರ ಇದ್ದರೆ ಎರಡು ಗಂಟೆಗೇ ತೆಗೆದುಬಿಡಿ, ಏನೂ ಆಗಲ್ಲ. ಲ್ಯಾಪ್‌ಟಾಪ್‌ಗೆ ಚುಚ್ಚಿ ಚಾರ್ಜ್ ಮಾಡುವವರು ಒಂದು ಗಮನಿಸಿ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದರೆ ಚಾರ್ಜ್ ನಿಲ್ಲಬಹುದು, ಕೆಲವು ಸಲ ಇದ್ದ ಚಾರ್ಜೂ ಇಳಿಯುತ್ತದೆ.

ಬಿಸಿಲು ಈ ಬ್ಯಾಟರಿಗಳ ದೊಡ್ಡ ಶತ್ರು. ಐಪಾಡ್ ಬಳಸಲು ಆಪಲ್ ಹೇಳಿರುವ ಮಿತಿ 35 ಡಿಗ್ರಿ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ದಾಟುತ್ತದೆ, ಇನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಆ ಬಿಸಿಯಲ್ಲಿ ಕಳೆದ ಶಕ್ತಿ ತಣ್ಣಗಾದ ಮೇಲೆ ವಾಪಸ್ ಬರುವುದಿಲ್ಲ. ದಪ್ಪ ರಬ್ಬರ್ ಕವರ್ ಹಾಕಿದ್ದರೆ ಚಾರ್ಜ್ ಮಾಡುವಾಗ ತೆಗೆದಿಡಿ. ಹಾಗಂತ ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದ ತಕ್ಷಣ ಒಳಗೆ ನೀರು ಕಟ್ಟುತ್ತದೆ. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜ್ ಮಾಡಿ, ತಂಪಾದ ಒಣ ಜಾಗದಲ್ಲಿಟ್ಟು, ಆಗಾಗ ತೆಗೆದು ಮತ್ತೆ ಅರ್ಧಕ್ಕೆ ತನ್ನಿ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಪರೀಕ್ಷೆ. ಪೂರ್ತಿ ಚಾರ್ಜ್ ಮಾಡಿ, ಒಂದು ಪ್ಲೇಲಿಸ್ಟನ್ನು ರಿಪೀಟ್‌ಗೆ ಹಾಕಿ, ದನಿ ಅರ್ಧಕ್ಕಿಟ್ಟು, ಇಯರ್‌ಫೋನ್ ಚುಚ್ಚಿಯೇ ಇರಲಿ (ತೆಗೆದರೆ ಹಾಡು ನಿಲ್ಲುತ್ತದೆ), ಹೋಲ್ಡ್ ಹಾಕಿ ಮೇಜಿನ ಮೇಲಿಡಿ. ಎಷ್ಟು ಹೊತ್ತು ಹಾಡಿತು ಅಂತ ಬರೆದಿಟ್ಟುಕೊಳ್ಳಿ. ಹತ್ತು ಹದಿನೈದು ಗಂಟೆ ಬಂದರೆ ಇಷ್ಟು ವರ್ಷದ ಬ್ಯಾಟರಿಗೆ ಅದು ಒಳ್ಳೆಯ ಫಲಿತಾಂಶ, ಹಾಗೇ ಬಳಸಿ. ಎರಡು ಮೂರು ಗಂಟೆಗೇ ಆರಿತು ಅಂದರೆ ಬ್ಯಾಟರಿ ಬದಲಿಸುವುದೇ ದಾರಿ. ಬೆನ್ನು ಉಬ್ಬಿದ್ದರೆ, ಮುಂಭಾಗ ಬಿರುಕು ಬಿಟ್ಟಂತೆ ಮೇಲೆದ್ದಿದ್ದರೆ ಪರೀಕ್ಷೆಯೂ ಬೇಡ, ಚಾರ್ಜ್ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಕ್ಲಾಸಿಕ್ ತೆರೆಯುವುದು ಸುಲಭದ ಕೆಲಸವಲ್ಲ. ಸುತ್ತಲೂ ಲೋಹದ ಕ್ಲಿಪ್‌ಗಳು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ, ಬ್ಯಾಟರಿಯ ಮತ್ತು ಇಯರ್‌ಫೋನ್ ಜ್ಯಾಕ್‌ನ ತೆಳ್ಳನೆಯ ಪಟ್ಟಿ ವಯರುಗಳು ಬೆನ್ನಿಗೆ ಅಂಟಿರುತ್ತವೆ. ಆತುರದಲ್ಲಿ ಎಳೆದರೆ ಹರಿಯಿತು ಅಂತಲೇ. ಕೈ ಪಳಗಿಲ್ಲದವರು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಇಂಥ ಕೆಲಸ ಮಾಡಿ ಅನುಭವ ಇರುವವರನ್ನು ಹುಡುಕಿ ಕೊಡಿ, ಈ ಮಾದರಿ ಮೊದಲು ಬಿಚ್ಚಿದ್ದೀರಾ ಅಂತ ಕೇಳಿಯೇ ಕೊಡಿ. ಹಳೆ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಅದು ಚುಚ್ಚಿಹೋದರೆ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಹೇಗೂ ಬಿಚ್ಚಿಸುತ್ತೀರಿ ಅಂದರೆ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಅಡಾಪ್ಟರ್ ಹಾಕಿ ಎಸ್‌ಡಿ ಕಾರ್ಡ್ ಕೂರಿಸುವುದನ್ನೂ ಯೋಚಿಸಿ. ಮೋಟರೇ ಇಲ್ಲ, ತಿರುಗುವುದು ಏನೂ ಇಲ್ಲ, ಹಾಗಾಗಿ ಬ್ಯಾಟರಿ ಗಮನಕ್ಕೆ ಬರುವಷ್ಟು ಜಾಸ್ತಿ ಬರುತ್ತದೆ, ಕೈಜಾರಿ ಬಿದ್ದರೆ ಡಿಸ್ಕ್ ಹಾಳಾಗುವ ಭಯವೂ ಇಲ್ಲ. ಆಮೇಲೆ 320ರ ಕಛೇರಿಗಳನ್ನೂ ಹಾಗೇ ತುಂಬಿಕೊಳ್ಳಬಹುದು. ಆದರೆ ಡಿಸ್ಕ್ ತೆಗೆಸುವ ಮುಂಚೆ ಅದರಲ್ಲಿರುವ ಹಾಡೆಲ್ಲ ಕಂಪ್ಯೂಟರ್‌ನಲ್ಲಿ ಇದೆಯಾ ಅಂತ ಒಂದೊಂದಾಗಿ ನೋಡಿಕೊಳ್ಳಿ, ಅದರಲ್ಲೂ ಮನೆಯವರು ಹಾಡಿದ್ದು, ಊರಿನ ತಾಳಮದ್ದಳೆಯಲ್ಲಿ ನೀವೇ ರೆಕಾರ್ಡ್ ಮಾಡಿಕೊಂಡದ್ದು. ಅವುಗಳ ಇನ್ನೊಂದು ಪ್ರತಿ ಬೇರೆಲ್ಲೂ ಸಿಗುವುದಿಲ್ಲ.