ಮೊದಲು ತಲೆ ಮೇಲಿನ ಕೆಲಸ ಇಳಿಸಿ, ಬುದ್ಧಿಮಾತು ಆಮೇಲೆ

ನಮ್ ಟೀಮಲ್ಲಿ ಒಬ್ಬ ಹುಡುಗ ದಿನಾ ಮನೆಯಿಂದ ಡಬ್ಬಿ ತರ್ತಿದ್ದ, ಎಲ್ರ ಜೊತೆ ಕೂತು ಹಂಚ್ಕೊಂಡು ತಿಂತಿದ್ದ. ಬರ್ತಾ ಬರ್ತಾ ಆ ಡಬ್ಬಿ ಮಾನಿಟರ್ ಪಕ್ಕ ಮುಚ್ಚಿದ್ದು ಮುಚ್ಚಿದ ಹಾಗೇ ಇರೋಕೆ ಶುರುವಾಯ್ತು, ಸಂಜೆ ಹಾಗೇ ವಾಪಸ್ ಬ್ಯಾಗಿಗೆ ಹೋಗ್ತಿತ್ತು. ನಾನು ನೋಡಿದೀನಿ, ದಿನಾ ನೋಡಿದೀನಿ, ಕೈಲಿರೋ ಪ್ರಾಜೆಕ್ಟಿನ ರಿಲೀಸ್ ಮುಗೀಲಿ ಆಮೇಲೆ ಕೇಳೋಣ ಅಂತ ಸುಮ್ನಿದ್ದೆ, ಅವನಾಗೇ ಬಾಯಿಬಿಡೋ ಹೊತ್ತಿಗೆ ಎರಡು ತಿಂಗಳಾಗಿತ್ತು, ರಾತ್ರಿ ನಿದ್ದೆ ಇಲ್ಲ, ಫೋನ್ ಟಿಂಗ್ ಅಂದ್ರೆ ಸಾಕು ಎದೆ ಡವಡವ. ಕೈಕೆಳಗೆ ನಾಲ್ಕು ಜನ ಇರೋ ಯಾರೇ ಆಗಲಿ, ಟೀಮ್ ಲೀಡ್, ಸೂಪರ್‌ವೈಸರ್, ಬ್ರಾಂಚ್ ಮ್ಯಾನೇಜರ್, ನಿಮ್ಮವರು ಯಾರಾದ್ರೂ ಕೆಲಸದ ಒತ್ತಡದಲ್ಲಿ ಕುಗ್ತಿದ್ರೆ ನನ್ನ ಥರ ತಡ ಮಾಡ್ಬೇಡಿ.

ಮೊದಲನೇದು ಗಮನಿಸೋದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್, ಅಂದ್ರೆ ಕೆಲಸ ಮಾಡಿ ಮಾಡಿ ಪೂರ್ತಿ ಬಳಲಿ ಹೋಗೋದು, ಅದರ ಬಗ್ಗೆ ಸ್ಪಷ್ಟವಾಗೇ ಹೇಳಿದೆ, ಅದು ಕಾಯಿಲೆ ಅಲ್ಲ, ಕೆಲಸದ ಒತ್ತಡವನ್ನ ತುಂಬಾ ದಿನ ಸರಿಯಾಗಿ ನಿಭಾಯಿಸದೇ ಇದ್ದಾಗ ಆಗೋದು ಅಂತ. ಮೂರು ಲಕ್ಷಣ: ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ನನ್ ಕೈಲಿ ಏನೂ ಆಗ್ತಿಲ್ಲ ಅನ್ನೋ ಭಾವನೆ. ಹಿಂದೆ ಹೇಗಿದ್ರು, ಈಗ ಹೇಗಿದಾರೆ ಅನ್ನೋದನ್ನ ಹೋಲಿಸಿ ನೋಡಿ. ಮಾತಾಡ್ತಿದ್ದೋರು ಸುಮ್ನಾದ್ರಾ, ಯಾವತ್ತೂ ತಪ್ಪು ಮಾಡದೋರು ಸಣ್ಣಪುಟ್ಟ ತಪ್ಪು ಮಾಡ್ತಿದಾರಾ.

ಆಮೇಲೆ ಕೇಳೋದು. ಮೀಟಿಂಗ್ ರೂಮಿಗೆ ಕರೀಬೇಡಿ, ಕರೆದ್ರೆ ಬೈಯ್ಯೋಕೆ ಅಂತಾನೇ ಅಂದ್ಕೊಳ್ತಾರೆ. ಟೀಗೆ ಹೋಗೋಣ ಬಾ ಅಂತ ಹೊರಗೆ ಕರ್ಕೊಂಡು ಹೋಗಿ, ಕಣ್ಣಿಗೆ ಕಂಡಿದ್ದನ್ನಷ್ಟೇ ಹೇಳಿ, "ನಾಲ್ಕೈದು ದಿನದಿಂದ ನೀನು ಊಟ ಮಾಡ್ತಿಲ್ಲ ಅನ್ಸುತ್ತೆ, ಕೆಲಸ ಜಾಸ್ತಿ ಆಗ್ತಿದೆಯಾ?" ಅಂತ. ಅಷ್ಟು ಕೇಳಿ ಸುಮ್ನಿರಿ. "ಏನಿಲ್ಲ ಮೇಡಂ" ಅಂತಾರೆ ಮೊದಲು, ಪರವಾಗಿಲ್ಲ, ಎರಡು ದಿನ ಬಿಟ್ಟು ಇನ್ನೊಂದ್ಸಲ ಕೇಳಿ. "ಟೆನ್ಶನ್ ಎಲ್ರಿಗೂ ಇರುತ್ತೆ", "ಯೋಗ ಮಾಡು ಸರಿಹೋಗುತ್ತೆ" ಅಂತ ಮಾತ್ರ ದಯವಿಟ್ಟು ಹೇಳ್ಬೇಡಿ. ಯೋಗ ಒಳ್ಳೇದೇ, ಆದ್ರೆ ಇಬ್ಬರ ಕೆಲಸ ಒಬ್ಬನ ಮೇಲೆ ಹೇರಿ ಪ್ರಾಣಾಯಾಮ ಮಾಡು ಅಂದ್ರೆ ಅದು ನ್ಯಾಯ ಅಲ್ಲ.

ನಿಜವಾದ ಕೆಲಸ ಇರೋದು ಇಲ್ಲೇ. ಒಂದು ಹಾಳೆ ತಗೊಂಡು ಪಕ್ಕದಲ್ಲಿ ಕೂತ್ಕೊಳ್ಳಿ, ಅವರ ಕೈಲಿರೋ ಕೆಲಸ ಎಲ್ಲಾ ಬರೆಸಿ, ಯಾರೋ ದಾರೀಲಿ ಸಿಕ್ಕಿ "ಇದೊಂದು ನೋಡ್ಬಿಡು" ಅಂದಿದ್ದನ್ನೂ ಸೇರಿಸಿ. ನಾವು ಹೀಗೆ ಬರೆದಾಗ ಹದಿನಾಲ್ಕು ಐಟಂ ಆಯ್ತು, ಅದ್ರಲ್ಲಿ ಐದು ನನಗೆ ಗೊತ್ತೇ ಇರ್ಲಿಲ್ಲ! ಈ ವಾರ ಆಗ್ಲೇಬೇಕಾದ್ದು ಯಾವುದು, ಬೇರೆಯವರಿಗೆ ಕೊಡಬಹುದಾದ್ದು ಯಾವುದು, ಬಿಟ್ರೂ ನಡೆಯೋದು ಯಾವುದು ಅಂತ ಅವರ ಎದುರೇ ಗೀಟು ಹಾಕಿ, ಕ್ಲೈಂಟ್‌ಗೋ ಮೇಲಿನವರಿಗೋ ಡೇಟ್ ಮುಂದಕ್ಕೆ ಹೋಗುತ್ತೆ ಅನ್ನೋ ಮೇಲ್ ನೀವೇ ಕಳಿಸಿ, ಅವರ ಕೈಲಿ ಕಳಿಸಬೇಡಿ. ರಾತ್ರಿ ಮೆಸೇಜ್ ಹಾಕೋದು ನೀವು ನಿಲ್ಲಿಸದೇ ಬೇರೆ ಯಾರೂ ನಿಲ್ಲಿಸಲ್ಲ, ನೆನಪಾದ್ರೆ ಬೆಳಿಗ್ಗೆಗೆ ಶೆಡ್ಯೂಲ್ ಮಾಡಿಡಿ.

ಇಷ್ಟಾದ್ರೂ ನಿದ್ದೆ, ಊಟ ಸರಿಹೋಗದೇ ಇದ್ರೆ ಡಾಕ್ಟರ್ ಬೇಕು, ನೀವು ಡಾಕ್ಟರ್ ಆಗೋಕೆ ಹೋಗ್ಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಖರ್ಚಿನ ಭಯ ಇದ್ರೆ ಇದೂ ಹೇಳಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ಮೈ ಕಾಯಿಲೆಗೆ ಕೊಡೋ ಥರಾನೇ ಮನಸ್ಸಿನ ಕಾಯಿಲೆಗೂ ಕವರ್ ಕೊಡ್ಬೇಕು. ಸಾಯೋ ಮಾತು ಬಂದ್ರೆ ಮಾತ್ರ ಒಂದು ನಿಮಿಷಾನೂ ಒಬ್ರನ್ನೇ ಬಿಡ್ಬೇಡಿ, ಜೊತೇಲೇ ಕೂತು ಮನೆಯವರಿಗೆ ಫೋನ್ ಮಾಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಅವರು ಹೇಳಿದ್ದು ನಿಮ್ಮಲ್ಲೇ ಇರ್ಲಿ. ಎಚ್‌ಆರ್‌ಗೆ ಹೇಳ್ಬೇಕು ಅಂದ್ರೂ ಅವರನ್ನ ಕೇಳಿ ಹೇಳಿ. ರಜೆ ಹಾಕಿದ್ರೆ ಟೀಮಿಗೆ "ರಜೆಲಿದಾರೆ" ಅಷ್ಟೇ ಸಾಕು. ಎರಡು ವಾರ ಆದ್ಮೇಲೆ ಅದೇ ಹಾಳೆ ಮತ್ತೆ ತೆಗೆದು ನೋಡಿ, ಇಳಿಸಿದ ಕೆಲಸ ನಿಧಾನಕ್ಕೆ ಅವರ ಹತ್ರಾನೇ ವಾಪಸ್ ಬಂದಿರುತ್ತೆ, ನಮ್ಮಲ್ಲೂ ಮೂರು ಬಂದಿತ್ತು. ಇನ್ನು ಅಪ್ರೈಸಲ್ ಟೈಮಲ್ಲಿ ಆ ಎರಡು ತಿಂಗಳನ್ನ ಹಿಡ್ಕೊಂಡು ಮಾರ್ಕ್ಸ್ ಕಟ್ ಮಾಡ್ಬೇಡಿ, ಒಂದ್ಸಲ ಹಾಗೆ ಮಾಡಿದ್ರೆ ಆ ಟೀಮಲ್ಲಿ ಮತ್ಯಾರೂ ನಿಮ್ ಹತ್ರ ಬಾಯಿ ಬಿಡಲ್ಲ.